ಸನ್ಮಾನ್ಯ ಸೀಸರಾಯರಿಗೆ ಗಡಿಯಾಚೆಯಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯ ಸೀಸರಾಯರೇ,

ಮೊದಲಿಗೆ ಅಭಿನಂದನೆಗಳು. ಇಷ್ಟೊಂದು ಕಡೆಗಳಿಂದ ಗಡೀಪಾರಾದ ಮೇಲೂ ವಯನಾಡಿನಲ್ಲಿ ತಮ್ಮ ಕೂದಲು ಕೊಂಕಿಲ್ಲ. 2000ದ ಫೆಬ್ರುವರಿಯಲ್ಲಿ ತಮ್ಮನ್ನು ಪೆಟ್ರೋಲ್ ಬಂಕುಗಳಿಂದ ಹೊರಗೆ ಹಾಕಿದರು. 2015ರಲ್ಲಿ ನೂಡಲ್ಸ್ ಪೊಟ್ಟಣದೊಳಗೆ ತಾವಿದ್ದೀರಂತೆ ಎಂಬ ಸುದ್ದಿಗೇ ದೇಶದ ತಾಯಂದಿರೆಲ್ಲ ಒಲೆ ಆರಿಸಿದರು. 2017ರ ನವೆಂಬರಿನಿಂದ ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಕೂಡದೆಂದು ಕಟ್ಟಳೆಯಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿದ್ದ ವೆಂಕಟೇಶ್ ತುಪ್ಪಿಲ್ ಎಂಬ ಪ್ರೊಫೆಸರು ತಮ್ಮ ಜಾತಕ ಬಿಡಿಸುವುದಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ ಕಟ್ಟಿ ಊರೂರು ಸುತ್ತಿದರು. ಅಷ್ಟೆಲ್ಲ ಆದರೂ ತೋಟಾದೊಳಗೆ ತಾವು ಕುಳಿತಿರುವ ಜಾಗಕ್ಕೆ ಒಬ್ಬರೂ ಕೈಹಾಕಲಿಲ್ಲ. ಪುಣೆಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾದಲ್ಲಿ ತಾವು ಚರೆಯಾಗಿ ಸುಖವಾಗಿದ್ದೀರಿ.

ನಾನು ಕೊಡಗಿನ ಕುಟ್ಟದವನು. ತೋಲ್ಪೆಟ್ಟಿ ಚೆಕ್‌ಪೋಸ್ಟು ನಮಗೆ ಕೂಗಳತೆಯಲ್ಲಿದೆ, ಅದರಾಚೆಗೆ ವಯನಾಡು. ಕೋವಿ ನಮ್ಮ ಕಡೆ ಮನೆಯ ಸದಸ್ಯ. ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುತ್ತೇವೆ, ಪುತ್ತರಿಗೆ ಗಾಳಿಯಲ್ಲಿ ಈಡು ಹಾರಿಸುತ್ತೇವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿಯೂ ಇದೆ. ಆದ್ದರಿಂದ ಇದನ್ನು ಬಂದೂಕು ವಿರೋಧಿಯ ಪತ್ರವೆಂದು ತಿಳಿಯಬೇಡಿ. ಕೋವಿಯ ಬಗ್ಗೆ ನನ್ನ ತಕರಾರಿಲ್ಲ, ತಕರಾರು ಅದರ ಬಾಡಿಗೆದಾರರ ಬಗ್ಗೆ.

ವಯನಾಡಿಗೂ ತಮಗೂ ಹಳೆಯ ನಂಟು, ಅದನ್ನು ಮರೆಯಲಾಗದು. ಸುಲ್ತಾನ್ ಬತ್ತೇರಿಯ ಜೈನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡಿನ ಉಗ್ರಾಣ ಮಾಡಿಕೊಂಡಿತ್ತು. ಇರುವೆಯನ್ನೂ ನೋಯಿಸಬಾರದೆಂಬ ಧರ್ಮದ ಕಲ್ಲು ಮಂಟಪದಲ್ಲಿ ತಮಗೆ ಬಿಡಾರ! ಹನ್ನೆರಡು ಬೀದಿ ಎಂದು ಕನ್ನಡದಲ್ಲಿ ಕರೆಸಿಕೊಳ್ಳುತ್ತಿದ್ದ ಊರಿಗೆ ಆಮೇಲೆ ಸುಲ್ತಾನನ ಫಿರಂಗಿ ದಳದ ಹೆಸರೇ ಅಂಟಿಕೊಂಡಿತು. 1802ರ ಅಕ್ಟೋಬರಿನಲ್ಲಿ ತಲಕ್ಕಲ್ ಚಂದುವಿನ ಕುರಿಚ್ಯ ಬಿಲ್ಲುಗಾರರು ಪನಮರಂ ಕೋಟೆಯನ್ನು ಹಿಡಿದದ್ದು ತಮ್ಮ ಹಂಗಿಲ್ಲದೆ, ಬಿಲ್ಲುಬಾಣದಿಂದ. ಇವತ್ತಿನ ಭಾಷೆಯಲ್ಲಿ ಅದನ್ನು ಸೀಸರಹಿತ ಕಾರ್ಯಾಚರಣೆ ಎನ್ನಬೇಕು. ಆದರೆ ಗೆದ್ದವರು ಮಾಡಿದ್ದೇನು? ಕೋಟೆಯಲ್ಲಿದ್ದ ಕಂಪನಿಯ ಬಂದೂಕು, ಮದ್ದುಗುಂಡಿನ ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋದರು. ತಮ್ಮ ಮೋಹ ಅಂಥದ್ದು.

ಮೋಹಕ್ಕೆ ಕಾರಣವೂ ಇದೆಯೆನ್ನಿ. ಒಂದು ಘನ ಸೆಂಟಿಮೀಟರಿಗೆ ತಾವು 11.3 ಗ್ರಾಂ ತೂಗುತ್ತೀರಿ, ಉಕ್ಕು 8 ಗ್ರಾಮೂ ಮುಟ್ಟುವುದಿಲ್ಲ. ಮೆತ್ತಗಿದ್ದೀರಿ, ಬೇಗ ಕರಗುತ್ತೀರಿ, ಅಗ್ಗ ಬೇರೆ. ಕೋವಿಯ ಅಳತೆಯೂ ತಮ್ಮದೇ: ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಉಂಡೆ ಮಾಡಿದರೆ ಅದರಲ್ಲಿ ಒಂದುಂಡೆ ಸರಿಯಾಗಿ ಕೂರುವ ನಳಿಗೆಗೆ ಹನ್ನೆರಡು ಬೋರ್ ಎನ್ನುತ್ತಾರೆ.

ಈಗ ಹಂದಿಯ ವಿಚಾರಕ್ಕೆ ಬರೋಣ. ವಯನಾಡಿನ ರೈತ ಮರಗೆಣಸು ನೆಟ್ಟರೆ ಹಂದಿ ಕೀಳುತ್ತದೆ, ಬಾಳೆ ನೆಟ್ಟರೆ ಬುಡ ಅಗೆಯುತ್ತದೆ, ಭತ್ತ ತೆನೆಗೆ ಬಂದರೆ ಗದ್ದೆಯಲ್ಲಿ ಹೊರಳುತ್ತದೆ. ರಾತ್ರಿ ಕಾವಲು ಕಾದವನಿಗೆ ಹಗಲು ಕೂಲಿ ಮಾಡಲು ಮೈಯಲ್ಲಿ ಕಸುವಿರುವುದಿಲ್ಲ. ನಮ್ಮಲ್ಲೂ ಅದೇ ಪಾಡು. ಕಾಡುಹಂದಿಯನ್ನು ಉಪದ್ರವಿ ಪ್ರಾಣಿಯೆಂದು ಘೋಷಿಸಿ ಎಂದು ಕೇರಳ ಕೇಂದ್ರವನ್ನು ಕೇಳಿತು, ಕೇಂದ್ರ ಒಪ್ಪಲಿಲ್ಲ. ಹಾಗಾಗಿ 2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಒಂದು ಉಪಾಯ ಹುಡುಕಿತು. ಪಂಚಾಯತ್ ಅಧ್ಯಕ್ಷರೇ ಗೌರವ ವನ್ಯಜೀವಿ ವಾರ್ಡನ್ ಆಗಿ, ಬೆಳೆ ತಿನ್ನುವ ಹಂದಿಗೆ ಈಡು ಹಾಕಲು ಲೈಸೆನ್ಸುಳ್ಳ ಕೋವಿದಾರರಿಗೆ ಅಪ್ಪಣೆ ಕೊಡಬಹುದು. ಷರತ್ತುಗಳೂ ಇವೆ: ಸ್ಫೋಟಕ ಇಡಕೂಡದು, ಕರೆಂಟು ಹರಿಸಕೂಡದು, ವಿಷ ಹಾಕಕೂಡದು. ಸತ್ತ ಹಂದಿಯನ್ನು ಕ್ರಮಬದ್ಧವಾಗಿ ವಿಲೇವಾರಿ ಮಾಡಿ ಲೆಕ್ಕ ಬರೆದಿಡಬೇಕು.

ವಿಷ ಹಾಕಕೂಡದು! ಇದನ್ನು ಓದಿ ತೋಟಾದೊಳಗೆ ತಾವು ಎಷ್ಟು ನಕ್ಕಿರಬೇಡ. ಸುರಕ್ಷಿತವೆನ್ನಬಹುದಾದ ಸೀಸದ ಮಟ್ಟವೇ ರಕ್ತದಲ್ಲಿ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸುಣ್ಣದ ವೇಷ ಹಾಕಿ ಮೂಳೆ ಸೇರಿ, ದಶಕಗಟ್ಟಲೆ ಅಲ್ಲೇ ಉಳಿದು, ಮಕ್ಕಳ ಮಿದುಳನ್ನು ಮಂಕು ಮಾಡುವ ತಾವು ಪೊಟ್ಟಣದಲ್ಲಿ ಬಂದರೆ ವಿಷ, ನಳಿಗೆಯಿಂದ ಬಂದರೆ ಸರ್ಕಾರಿ ಕೆಲಸ. ಅಪ್ಪಣೆ ಕೊಡುವವರು ಯಾರು, ಈಡು ಹಾಕುವವರು ಯಾರು, ಹೂಳುವುದು ಹೇಗೆ ಎಂಬ ಚರ್ಚೆ ನಾನೂ ಸಾಕಷ್ಟು ಕೇಳಿದ್ದೇನೆ. ಈಡು ಯಾವ ಲೋಹದ್ದು ಎಂದು ಕೇಳಿದವರನ್ನು ಮಾತ್ರ ಕಂಡಿಲ್ಲ.

ಹೂತ ಹಂದಿಯಿಂದ ತೊಂದರೆ ಕಡಿಮೆ ಎಂದೇ ಇಟ್ಟುಕೊಳ್ಳೋಣ. ಕಾನೂನಿನಂತೆ ಅದನ್ನು ಯಾರೂ ತಿನ್ನುವುದಿಲ್ಲ, ನಾನೂ ಹಾಗೆಂದೇ ನಂಬಿದ್ದೇನೆ. (ನಂಬಿಕೆಗೆ ಖರ್ಚಿಲ್ಲ.) ಈಡು ತಿಂದೂ ಬೀಳದೆ ಕಾಡಿಗೆ ನುಗ್ಗಿದ ಹಂದಿಯ ಕಥೆಯೇ ಬೇರೆ. ಅದು ಒಳಗೆಲ್ಲೋ ಸಾಯುತ್ತದೆ. ಅಲ್ಲಿಗೆ ಬರುವ ಅತಿಥಿಗಳಿಗೆ ಪಂಚಾಯತ್ ನೋಟೀಸು ಓದಲು ಬರುವುದಿಲ್ಲ.

ಕೇರಳದಲ್ಲಿ ರಣಹದ್ದುಗಳು ಉಳಿದಿರುವುದು ವಯನಾಡು ಅಭಯಾರಣ್ಯದಲ್ಲಿ ಮಾತ್ರ. ಬಿಳಿಬೆನ್ನಿನವು, ಕೆಂಪುತಲೆಯವು, ಉದ್ದ ಕೊಕ್ಕಿನವು ಮುತ್ತಂಗದ ಮೇಲೆ ಸುತ್ತಿ, ಕಾಡಿನ ಹೆದ್ದಾರಿಯ ರಾತ್ರಿ ಸಂಚಾರ ನಿಷೇಧದ ಜಗಳ ಯಾವುದೂ ಗೊತ್ತಿಲ್ಲದೆ ಬಂಡೀಪುರಕ್ಕೆ ಹಾರಿಹೋಗುತ್ತವೆ. 2023ರ ಡಿಸೆಂಬರ್ ಕೊನೆಯಲ್ಲಿ ಕರ್ನಾಟಕ, ಕೇರಳ, ತಮಿಳುನಾಡು ಒಟ್ಟಿಗೆ ಕೂತು ಎಣಿಸಿದಾಗ ಸಿಕ್ಕಿದ್ದು 320. ಮೂರು ರಾಜ್ಯ, ಇಷ್ಟು ದೊಡ್ಡ ಕಾಡು, ಒಂದು ಮದುವೆ ಮನೆಯ ಮೊದಲ ಪಂಕ್ತಿಯಷ್ಟು ಹಕ್ಕಿ. ಅವುಗಳ ಕುಲವನ್ನು ತೊಳೆದದ್ದು ದನಗಳಿಗೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್. ಅದನ್ನು 2006ರಲ್ಲಿ ನಿಷೇಧಿಸಿದರು. 2023ರಲ್ಲಿ ಅದರ ನೆಂಟರಾದ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ಕೂಡ ಹೋದವು. ಆ ಪಾಪ ತಮ್ಮದಲ್ಲ, ನಾನು ಹೊರಿಸುವುದೂ ಇಲ್ಲ.

ಆದರೆ ತಮ್ಮ ಪೂರ್ವಚರಿತ್ರೆ ಕ್ಯಾಲಿಫೋರ್ನಿಯಾದಲ್ಲಿ ದಾಖಲಾಗಿದೆ. 1982ರ ಹೊತ್ತಿಗೆ ಅಲ್ಲಿನ ಕಾಂಡೋರ್ ಹದ್ದು ಜಗತ್ತಿನಲ್ಲಿ 22 ಉಳಿದಿತ್ತು. ಕಾಡಿನಲ್ಲಿದ್ದವನ್ನೆಲ್ಲ 1987ರೊಳಗೆ ಹಿಡಿದು, ಮರಿ ಮಾಡಿಸಿ, ಮತ್ತೆ ಬಿಟ್ಟರು. ಬಿಟ್ಟ ಹಕ್ಕಿಗಳನ್ನು ಅತಿ ಹೆಚ್ಚು ಕೊಂದವರು ತಾವೇ. ಬೇಟೆಗಾರ ಬಿಟ್ಟುಹೋದ ಕರುಳಿನ ರಾಶಿಯಲ್ಲಿ ತಾವು ಕಾದು ಕುಳಿತಿದ್ದಿರಿ. ಕೊಳೆತದ್ದನ್ನೂ ಅರಗಿಸಲೆಂದು ಪ್ರಕೃತಿ ಕೊಟ್ಟ ಹದ್ದಿನ ಹೊಟ್ಟೆಯ ಹುಳಿಯಲ್ಲಿ ಕರಗಿ ರಕ್ತಕ್ಕೆ ಇಳಿದಿರಿ. ರೈಫಲ್ ಗುಂಡು ಮೂಳೆಗೆ ಬಡಿದಾಗ ತಾವು ನೂರಾರು ಚೂರಾಗಿ ಗಾಯದ ಸುತ್ತ ಚದರುತ್ತೀರಿ, ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ನಕ್ಷತ್ರ ಚೆಲ್ಲಿದಂತೆ ಹೊಳೆಯುತ್ತೀರಿ. 2008ರಲ್ಲಿ ಅಮೆರಿಕದ ನಾರ್ತ್ ಡಕೋಟದಲ್ಲಿ ಬಡವರಿಗೆಂದು ಬೇಟೆಗಾರರು ದಾನ ಕೊಟ್ಟಿದ್ದ ಜಿಂಕೆಯ ಕೊಚ್ಚಿದ ಮಾಂಸವನ್ನು ಎಸೆಯಿರಿ ಎಂದು ಆರೋಗ್ಯ ಇಲಾಖೆ ಹೇಳಿದ್ದು ಇಂಥ ಚೂರುಗಳಿಗಾಗಿಯೇ. ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಬೇಟೆಗೆ ತಮ್ಮನ್ನು ಪೂರ್ತಿ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆ ನಿಲ್ಲಿಸಿತ್ತು, 2024ರಲ್ಲಿ ರೈಫಲ್ ಗುಂಡನ್ನೂ ನಿಲ್ಲಿಸಿತು. ಅಲ್ಲಿ ಬೇಟೆ ನಿಂತಿಲ್ಲ.

ಕ್ರೀಡಾಪಟುಗಳ ಸಹವಾಸವೂ ತಮಗಿದೆ. ಒಲಿಂಪಿಕ್ಸ್ ಟ್ರ್ಯಾಪ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 125 ಮಣ್ಣಿನ ಬಿಲ್ಲೆ, ತೋಟಾ ಒಂದಕ್ಕೆ 24 ಗ್ರಾಂ ಚರೆ. ಒಂದೊಂದೇ ಈಡು ಹಾಕಿದರೂ ಒಬ್ಬನ ಪಾಲಿಗೆ ಮೂರು ಕಿಲೋ ಸೀಸ ಮೈದಾನದ ಹುಲ್ಲಿಗೆ. ಪದಕವನ್ನು ಮನೆಗೆ ಒಯ್ಯುತ್ತಾರೆ, ತಮ್ಮನ್ನು ಅಲ್ಲೇ ಬಿಟ್ಟು ಹೋಗುತ್ತಾರೆ.

ತಮ್ಮ ವಕೀಲರು ಹೇಳುವುದನ್ನೂ ಕೇಳಿದ್ದೇನೆ. ಉಕ್ಕಿನ ಚರೆ ಹಗುರ, ದೂರಕ್ಕೆ ಬಲ ಸಾಲದು. ನಿಜ, ಅದಕ್ಕೆ ಒಂದೆರಡು ಸೈಜು ದೊಡ್ಡ ಚರೆ ಬಳಸಬೇಕು, ಇನ್ನಷ್ಟು ಹತ್ತಿರ ಹೋಗಬೇಕು. ಹತ್ತಿರ ಹೋಗುವ ಧೈರ್ಯವಿಲ್ಲದವನು ಕತ್ತಲಲ್ಲಿ ಈಡು ಹಾಕದಿದ್ದರೆ ಹಂದಿಗೂ ಪಕ್ಕದ ತೋಟದವನಿಗೂ ಕ್ಷೇಮ. ಅಜ್ಜನ ಕಾಲದ ನಳಿಗೆಗೆ ಉಕ್ಕು ಅಪಾಯ ಎನ್ನುತ್ತಾರೆ. ಅದೂ ನಿಜ. ಬಾಯಿ ಬಿಗಿಯಾದ ಹಳೆಯ ನಳಿಗೆಯಲ್ಲಿ ಉಕ್ಕು ಹಾರಿಸಬಾರದು. ಅಂಥದ್ದಕ್ಕೆ ಬಿಸ್ಮತ್ ಎಂಬ ಮೆತ್ತನೆಯ ಲೋಹ ಇದೆ, ರೈಫಲ್ಲಿಗೆ ತಾಮ್ರದ ಗುಂಡು ಇದೆ. ಇನ್ನು ಬೆಲೆ. ಇದೊಂದು ವಾದಕ್ಕೆ ನಾನು ತಲೆಬಾಗುತ್ತೇನೆ. ಬಿಸ್ಮತ್ ದುಬಾರಿ, ನಮ್ಮೂರಿನ ಮದ್ದುಗುಂಡಿನ ಅಂಗಡಿಯವನು ಅದರ ಹೆಸರನ್ನೂ ಕೇಳಿಲ್ಲ. ಆದರೆ ಹಂದಿಗೆ ಈಡು ಹಾಕುವವನು ಸರ್ಕಾರದ ಅಪ್ಪಣೆಯ ಮೇಲೆ ಸರ್ಕಾರದ ಕೆಲಸ ಮಾಡುತ್ತಿದ್ದಾನೆ. ಅವನಿಗೆ ಸರಿಯಾದ ತೋಟಾ ಕೊಡಿಸುವ ಖರ್ಚು ಒಂದು ಪಂಚಾಯತಿನ ಬೀದಿದೀಪದ ಬಿಲ್ಲಿನ ಮುಂದೆ ಏನು ಮಹಾ? ಖಡ್ಕಿಯೂ ಸರ್ಕಾರದ್ದೇ, ಅಪ್ಪಣೆಯೂ ಸರ್ಕಾರದ್ದೇ, ಹದ್ದು ಎಣಿಸುವವರೂ ಸರ್ಕಾರದವರೇ. ಮೂವರನ್ನು ಒಂದು ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರೆ ತಮ್ಮ ಕೆಲಸ ಹೋದಂತೆಯೇ. ಆದರೆ ಕೂರಿಸುವವರು ಯಾರು ಎಂಬ ಧೈರ್ಯ ತಮಗಿದೆ.

ಹೊಟ್ಟೆಪಾಡಿಗೆ ಹೆದರಬೇಡಿ. ಇನ್ವರ್ಟರ್ ಬ್ಯಾಟರಿಯಲ್ಲಿ ತಮಗೆ ಸದಾ ಜಾಗವಿದೆ, ಮಳೆಗಾಲದಲ್ಲಿ ಕುಟ್ಟದ ಮನೆಗಳು ತಮ್ಮ ಉಪಕಾರ ಮರೆಯುವುದಿಲ್ಲ. ಎಕ್ಸ್‌ರೇ ಕೋಣೆಯಲ್ಲಿ ವೈದ್ಯರು ತೊಡುವ ಏಪ್ರನ್ನಿನಲ್ಲೂ ತಾವು ಬೇಕು.

ನಮ್ಮ ಮನೆಯ ಬೀರುವಿನಲ್ಲಿ ತಮ್ಮವರು ಅರ್ಧ ಪೆಟ್ಟಿಗೆ ಇನ್ನೂ ಇದ್ದಾರೆ. ಬರುವ ಪುತ್ತರಿಗೆ ಚರೆ ತೆಗೆದ ಬರೀ ಮದ್ದಿನ ತೋಟಾ ಹಾರಿಸೋಣವೆಂದೆ. ಸದ್ದು ಅಷ್ಟೇ ಬರುತ್ತದಾ ಎಂದು ದೊಡ್ಡಪ್ಪ ಕೇಳಿದರು. ಬರುತ್ತದೆ ಎಂದಿದ್ದೇನೆ. ಹಾಗಾದರೆ ಮೊದಲು ನಿನ್ನ ಖರ್ಚಿನಲ್ಲಿ ತಾ, ಆಮೇಲೆ ನೋಡೋಣ ಎಂದಿದ್ದಾರೆ.

ಇಂತಿ ತಮ್ಮ ಹಳೆಯ ಗಿರಾಕಿ,
ಕುಟ್ಟದ ಒಬ್ಬ ಬೆಳೆಗಾರ