ಡೀನ್ ಸಾಹೇಬರ ಅಕ್ಷರ

ಜೆರಾಕ್ಸ್ ಅಂಗಡಿಯಲ್ಲಿ ‘ಎ4 ಹಾಳೆ ಕೊಡಿ’ ಎನ್ನುವವರಿಗೆ ತಾವು ಯಾರ ಅಪ್ಪಣೆ ಪಾಲಿಸುತ್ತಿದ್ದೇವೆಂದು ಗೊತ್ತಿರುವುದಿಲ್ಲ. ಆ ಅಳತೆಯನ್ನು 1922ರಲ್ಲಿ ಗೊತ್ತುಮಾಡಿದ್ದು ಜರ್ಮನಿಯ ಮಾನಕ ಸಂಸ್ಥೆ ಡಿಐಎನ್. ಜರ್ಮನರ ಬಾಯಲ್ಲಿ ಅದು ‘ಡೀನ್’. ಕೇಳಿದವರಿಗೆ ಕಾಲೇಜಿನ ಡೀನ್ ನೆನಪಾದರೆ ತಪ್ಪೇನಿಲ್ಲ, ಸ್ವಭಾವ ಅದೇ. ‘ದೀನ’ ಎಂದು ಕೇಳಿಸಿಕೊಂಡವರು ಮಾತ್ರ ಕೆಟ್ಟರು.

ಕಾಗದವನ್ನು ಶಿಸ್ತಿಗೆ ತಂದ ಸಾಹೇಬರ ಕಣ್ಣು ಆಮೇಲೆ ಅದರ ಮೇಲಿನ ಅಕ್ಷರಗಳತ್ತ ತಿರುಗಿತು. ಪ್ರಷ್ಯದ ರೈಲ್ವೆ ತನ್ನ ಗಾಡಿಗಳ ಮೇಲಿನ ಬರವಣಿಗೆಗೆ 1905ರಲ್ಲೇ ಒಂದು ಮಾದರಿ ಹಾಕಿಕೊಟ್ಟಿತ್ತು. ಸೀಮನ್ಸ್‌ನ ಇಂಜಿನಿಯರ್ ಲುಡ್ವಿಗ್ ಗೊಲ್ಲರ್ ಅವರ ಸಮಿತಿ ಕೆಲಸ ಮುಂದುವರಿಸಿ, 1936ರಲ್ಲಿ ‘ಡಿಐಎನ್ 1451’ ಹೊರಬಂತು. ಹೆಸರಿಲ್ಲ, ನಂಬರಷ್ಟೇ; ಜೈಲಿನ ಕೈದಿಗೆ ಕೊಟ್ಟ ಹಾಗೆ.

ಮುತ್ತು ಪೋಣಿಸಿದಂಥ ಅಕ್ಷರ ಎನ್ನುತ್ತಾರಲ್ಲ, ಇದು ನಟ್ಟು-ಬೋಲ್ಟು ಬಿಗಿದಂಥದ್ದು. ಚೌಕುಳಿ ಹಾಳೆ, ಸ್ಕೇಲು, ಕೈವಾರ ಇದ್ದರಾಯಿತು. ಗೆರೆಯ ದಪ್ಪ ಎಲ್ಲೆಲ್ಲೂ ಒಂದೇ. ಬರೆಯುವವನ ಕೈಗುಣಕ್ಕೆ ಇಲ್ಲಿ ಜಾಗವಿಲ್ಲ. ಅವನು ಕಲಾವಿದನಾಗಿಬಿಟ್ಟರೇ ತೊಂದರೆ.

ರಸ್ತೆ ಫಲಕಗಳೂ ಕಾರಿನ ನಂಬರ್ ಪ್ಲೇಟುಗಳೂ ಈ ಅಕ್ಷರಕ್ಕೆ ಒಲಿದವು. ಆದರೆ ಯಾರು ಬೇಕಾದರೂ ಬರೆಯಬಹುದಾದದ್ದನ್ನು ಯಾರು ಬೇಕಾದರೂ ತಿದ್ದಬಹುದು. ರೋಮನ್ ‘ಪಿ’ಗೆ ಒಂದು ಕಾಲು ಕೊಟ್ಟರೆ ‘ಆರ್’, ‘ಎಫ್’ನ ಬುಡಕ್ಕೆ ಗೆರೆ ಎಳೆದರೆ ‘ಇ’, ಮೂರಕ್ಕೆ ಎಡಗೋಡೆ ಕಟ್ಟಿದರೆ ಎಂಟು. ಚೂರು ಕಪ್ಪು ಬಣ್ಣವಿದ್ದರೆ ಕಾರಿಗೆ ಮರುನಾಮಕರಣ!

ಕಡೆಗೆ ಇಂಜಿನಿಯರರ ಮಾನ ಉಳಿಸಲು ಬೇಕಾದದ್ದು ಒಬ್ಬ ಕ್ಯಾಲಿಗ್ರಫಿ ಕಲಾವಿದ, ಕಾರ್ಲ್‌ಗಿಯೋರ್ಗ್ ಹೋಫರ್. 1970ರ ದಶಕದ ಕೊನೆಗೆ ಅವರು ಕೈಹಚ್ಚಿದ ಅಕ್ಷರಗಳು ಬೇಕೆಂದೇ ಸೊಟ್ಟಪಟ್ಟ, ಒಂದರ ಚಹರೆ ಇನ್ನೊಂದಕ್ಕಿಲ್ಲ. ‘ಓ’ ಜೊತೆ ಗೊಂದಲವಾಗದಿರಲೆಂದು ಸೊನ್ನೆಯ ನೆತ್ತಿಯ ಬಳಿ ಸೀಳು ಬೇರೆ. ಹೊಸ ಪ್ಲೇಟುಗಳಿಗೆ ಅದು ಕಡ್ಡಾಯವಾಗುವ ಹೊತ್ತಿಗೆ 2000 ಬಂದಿತ್ತು.

ಡೀನ್ ಸಾಹೇಬರು ನಿವೃತ್ತರಾದರೇ? ಎಲ್ಲಿಯ ಮಾತು! 1994ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಅಕ್ಷರ ವಿನ್ಯಾಸಕರ ಸಮ್ಮೇಳನ ಮುಗಿಸಿ ವಿಮಾನ ನಿಲ್ದಾಣಕ್ಕೆ ಹೊರಟ ಟ್ಯಾಕ್ಸಿಯಲ್ಲಿ ಎರಿಕ್ ಸ್ಪೀಕರ್‌ಮನ್, ಸಹಪ್ರಯಾಣಿಕ ಆಲ್ಬರ್ಟ್-ಯಾನ್ ಪೂಲ್ ಅವರನ್ನು ಹಳೆಯ ಡಿಐಎನ್ ಅನ್ನು ತಿದ್ದಿ ಬರೆಯಲು ಹುರಿದುಂಬಿಸಿದರು. ಒಂದೇ ದಪ್ಪದಲ್ಲಿ ಎಳೆದರೂ ಅಡ್ಡಗೆರೆ ಕಣ್ಣಿಗೆ ಉದ್ದಗೆರೆಗಿಂತ ದಪ್ಪ ಕಾಣುತ್ತದೆ. ಕೈವಾರಕ್ಕೆ ಈ ಸಂಗತಿ ತಿಳಿಯದು. ಪೂಲ್ ಅಡ್ಡಗೆರೆಗಳನ್ನು ತುಸು ಇಳಿಸಿ, ಬಾಗುಗಳನ್ನು ನಯಗೊಳಿಸಿದರು. 1995ರಲ್ಲಿ ‘ಎಫ್‌ಎಫ್ ಡಿಐಎನ್’ ಬಂತು. 2011ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ಒಳಗೆ ಕರೆದುಕೊಂಡಿತು. ಕಲೆಯ ಸಹವಾಸವೇ ಬೇಡವೆಂದು ಹುಟ್ಟಿದ್ದಕ್ಕೆ ಕಲಾಮಂದಿರದಲ್ಲಿ ಮಣೆ!

ಜರ್ಮನಿಯ ಹೆದ್ದಾರಿಗಳಲ್ಲಿ ಇವತ್ತಿಗೂ ಮೇಲಿನ ಫಲಕದಲ್ಲಿ ಡೀನ್ ಸಾಹೇಬರು ನೆಟ್ಟಗೆ ನಿಂತು ದಾರಿ ತೋರಿಸುತ್ತಾರೆ. ಅವರ ಕಾಲ ಕೆಳಗೇ, ತಲೆ ಸೀಳಿಸಿಕೊಂಡ ಸೊನ್ನೆಗಳು ಭರ್ರೆಂದು ಹಾದುಹೋಗುತ್ತವೆ.