ಸುಂಡಿಲಿ ತೂಕ ಮೀಮಾಂಸೆ: ಪರ್ಕಳ ಸಿದ್ಧಾಂತ

ದೊಡ್ಡದನ್ನು ಅಳೆಯಲಿಕ್ಕೆ ಪಾಂಡಿತ್ಯ ಬೇಡ. ಕಾರ್ಕಳದ ಬಾಹುಬಲಿ 42 ಅಡಿ ಎಂದು ಶಾಲಾ ಪ್ರವಾಸಕ್ಕೆ ಹೋಗಿ ಬಂದ ಮಗುವೂ ಹೇಳುತ್ತದೆ. 1432ರಿಂದ ಅವನು ಕದಲಿಲ್ಲ, ಹಾಗಾಗಿ ಅಳತೆಯೂ ಕದಲಿಲ್ಲ. ಪಾಂಡಿತ್ಯದ ನಿಜವಾದ ಪರೀಕ್ಷೆ ನಡೆಯುವುದು ಪರ್ಕಳದ ಹಂಚಿನ ಮನೆಯೊಂದರ ಬಚ್ಚಲಲ್ಲಿ, ರಾತ್ರಿ ಹನ್ನೊಂದರ ಮೇಲೆ, ಗೋಡೆಯ ಬುಡ ಹಿಡಿದು ‘ಚಿಕ್ ಚಿಕ್’ ಎನ್ನುತ್ತ ಓಡುವ ಸುಂಡಿಲಿಯ ಮುಂದೆ. ಇದು ಎಷ್ಟು ದೊಡ್ಡದು, ಎಷ್ಟು ಭಾರ? ಈ ಪ್ರಶ್ನೆಗೆ ಮೂರು ತಿಂಗಳು, ಒಂದು ತಕ್ಕಡಿ ಮತ್ತು ಒಂದು ಚಕ್ಕುಲಿ ಡಬ್ಬ ವ್ಯಯಿಸಿ ಬರೆದದ್ದು ಪ್ರಸ್ತುತ ಪ್ರಬಂಧ.

ಮೊದಲು ಪೂರ್ವಪಕ್ಷ. ಸಸ್ತನಿಗಳಲ್ಲಿ ಅತ್ಯಂತ ಚಿಕ್ಕದು ಯಾವುದು ಎಂಬಲ್ಲಿ ಲೋಕದ ವಿದ್ವಾಂಸರು ಎರಡು ಮಠವಾಗಿದ್ದಾರೆ. ತೂಕವಾದಿಗಳ ದೈವ ಎಟ್ರಸ್ಕನ್ ಸುಂಡಿಲಿ. ಇಟಲಿಯ ಪಾವೊಲೊ ಸಾವಿ 1822ರಲ್ಲಿ ಹೆಸರಿಟ್ಟದ್ದು, ಭಾರತದಲ್ಲೂ ಉಂಟು. ತೂಕ ಸುಮಾರು 1.8 ಗ್ರಾಂ, ಬಾಲ ಬಿಟ್ಟರೆ ಉದ್ದ ನಾಲ್ಕು ಸೆಂಟಿಮೀಟರ್. ಉದ್ದವಾದಿಗಳ ದೈವ ಥಾಯ್ಲೆಂಡಿನ ಗುಹೆಗಳ ಹಂದಿಮೂತಿ ಬಾವಲಿ. 1974ರಲ್ಲಿ ಶಾಸ್ತ್ರಕ್ಕೆ ಸೇರಿದ ಇದರ ಮೈ ಮೂರು ಸೆಂಟಿಮೀಟರ್ ಆಸುಪಾಸು, ತೂಕ ಸುಮಾರು 2 ಗ್ರಾಂ. ಅಂದರೆ ಇಡೀ ತಕರಾರು 0.2 ಗ್ರಾಮಿನದ್ದು, ಎರಡು ಗುಲಗಂಜಿಗೂ ಕಡಿಮೆ. ಜಾಗದ ಪಾಲಿನಲ್ಲಿ ಅಣ್ಣತಮ್ಮಂದಿರು ಇದಕ್ಕಿಂತ ಸಣ್ಣದಕ್ಕೆ ಕೋರ್ಟು ಹತ್ತಿದ್ದನ್ನು ಕಂಡಿರುವುದರಿಂದ ನಾನು ಪಂಡಿತರನ್ನು ದೂರುವುದಿಲ್ಲ.

ಕೇವಲ ಜಿಜ್ಞಾಸೆಗಾಗಿ ಲೆಕ್ಕ ಹಾಕಿದೆ: ಎಟ್ರಸ್ಕನ್ ಸುಂಡಿಲಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಬಾಹುಬಲಿಯ ನೆತ್ತಿ ಮುಟ್ಟಲು 320 ಬೇಕು. ಒಟ್ಟು ತೂಕ 576 ಗ್ರಾಂ. ಮಲ್ಪೆಯಲ್ಲಿ ಅರ್ಧ ಕಿಲೋ ಬಂಗುಡೆ ಕೇಳಿದರೆ ಹೆಚ್ಚುಕಡಿಮೆ ಅಷ್ಟೇ ಹಾಕುತ್ತಾರೆ.

ಆದರೆ ತೂಕವಾದಿಗಳೊಂದು ತೊಡಕಿಗೆ ಉತ್ತರ ಕೊಟ್ಟಿಲ್ಲ. ಸಣ್ಣ ಲೋಟದ ಚಾ ಬೇಗ ಆರುವ ಹಾಗೆ ಸಣ್ಣ ಮೈಯ ಬಿಸಿಯೂ ಬೇಗ ಆರುತ್ತದೆ. ಒಲೆ ಆರಬಾರದೆಂದು ಆ ಪ್ರಾಣಿ ದಿನಕ್ಕೆ ತನ್ನ ತೂಕದ ಒಂದೂವರೆ, ಎರಡು ಪಟ್ಟು ತಿನ್ನುತ್ತದೆ. ಎದೆ ನಿಮಿಷಕ್ಕೆ 1,500 ಸಲದವರೆಗೆ ಬಡಿಯುತ್ತದೆ. ಹಾಗಾದರೆ 1.8 ಗ್ರಾಂ ಎಂಬುದು ಊಟಕ್ಕೆ ಮುಂಚಿನದ್ದೋ, ಕೈ ತೊಳೆದ ಮೇಲಿನದ್ದೋ?

ಇನ್ನು ನಮ್ಮ ಬಚ್ಚಲಿನದು. ಇದು ಮನೆ ಸುಂಡಿಲಿ, ಮೂಗಿಲಿ ಎಂದೂ ಹೇಳುವುದುಂಟು. 1766ರಲ್ಲಿ ಲಿನೇಯಸ್ ಇದಕ್ಕೆ ‘ಮ್ಯುರಿನಸ್’ ಎಂದ, ಎಂದರೆ ಇಲಿಯಂಥದ್ದು. ಇಲಿಯಂಥದ್ದು ಇಲಿಯಲ್ಲ. ಜೀವ ಜೀವಕ್ಕೆ ಭೇದ ಸತ್ಯವೆಂದು ಪಂಚಭೇದ ಸಾರಿದ ಆಚಾರ್ಯರ ಉಡುಪಿ ಇಲ್ಲಿಂದ ಕೂಗಳತೆಯಲ್ಲಿ ಇರುವಾಗ, ಪರ್ಕಳದವರು ಇಷ್ಟು ಕಾಲ ಇದನ್ನು ‘ಗಬ್ಬು ಇಲಿ’ ಎಂದು ಬೈದದ್ದು ನಾಚಿಕೆಯ ವಿಷಯ.

ಭೇದಕ್ಕೆ ಪ್ರಮಾಣ? ವಾಂತಿ. ಇಲಿಗೆ ವಾಂತಿ ಮಾಡಲಿಕ್ಕೆ ಆಗುವುದಿಲ್ಲ, ಸುಂಡಿಲಿಗೆ ಆಗುತ್ತದೆ. ಹಿಡಿದು ಅತ್ತಿತ್ತ ಅಲುಗಿಸಿದರೆ ಸಾಕು, ಕಾರುತ್ತದೆ. ಜಪಾನಿನ ಪ್ರಯೋಗಾಲಯಗಳು 1980ರ ದಶಕದಿಂದ ಪ್ರಯಾಣದ ವಾಂತಿಯ ಅಧ್ಯಯನಕ್ಕೆ ಇದನ್ನೇ ಸಾಕಿವೆ. ಇಷ್ಟಕ್ಕೆ ಜಪಾನ್ ಯಾಕೆ? ನಮ್ಮ ಮನೆಯ ಮುಂದೆ ಹೋಗುವ 169ಎ ಹೆದ್ದಾರಿಯಲ್ಲೇ ಆಗುಂಬೆ ಘಾಟಿ ಉಂಟು, 14 ತಿರುವು. ಲಿಂಬೆಹುಳಿ ಮೂಸುತ್ತ, ಪ್ಲಾಸ್ಟಿಕ್ ತೊಟ್ಟೆ ಹಿಡಿದು ಕಿಟಕಿ ಪಕ್ಕ ಕೂತ ಯಾವ ಪ್ರಯಾಣಿಕನೂ ಸುಂಡಿಲಿಯ ಹತ್ತಿರದ ಬಂಧುವೇ.

ಈಗ ಪ್ರಯೋಗ. ಗ್ರಂಥಗಳಲ್ಲಿ ಗಂಡು 50ರಿಂದ 100 ಗ್ರಾಂ, ಹೆಣ್ಣು ಅದಕ್ಕಿಂತ ಹಗುರ ಎಂದಿದೆ. ಗ್ರಂಥ ನಂಬುವವನು ಸಂಶೋಧಕನಲ್ಲ. ಚಕ್ಕುಲಿ ಡಬ್ಬದಲ್ಲಿ ಬಂಗುಡೆಯ ತಲೆಯಿಟ್ಟು ಬಚ್ಚಲಿನ ಮೂಲೆಗೆ ಓರೆ ಮಾಡಿ ಇಟ್ಟೆ. ಮೂರನೇ ರಾತ್ರಿ ಬಿತ್ತು. ಟಾರ್ಚ್ ಹಿಡಿದು ನೋಡಿದರೆ ಬೂದು ವೆಲ್ವೆಟ್ಟಿನ ಮೈ, ಸಾಸಿವೆಯಷ್ಟು ಕಣ್ಣು, ನಿಲ್ಲದೆ ಅದುರುವ ಉದ್ದ ಮೂಗು. ಮೀಸೆಗೆ ಬಂಗುಡೆಯ ಪೊರೆ ಅಂಟಿತ್ತು. ಅಡುಗೆಮನೆಯ ಡಿಜಿಟಲ್ ತಕ್ಕಡಿ 265 ತೋರಿಸಿತು. ಡಬ್ಬ 212 ಕಳೆದರೆ 53 ಗ್ರಾಂ. ಬಂಗುಡೆ ತಲೆ? ಅದು ಆಗಲೇ ಸುಂಡಿಲಿಯ ಒಳಗಿತ್ತು, ಆದ್ದರಿಂದ ಸುಂಡಿಲಿಯೆಂದೇ ಲೆಕ್ಕ.

ಚೀನಾದಲ್ಲಿ ಇದಕ್ಕೆ ‘ದುಡ್ಡಿನ ಇಲಿ’ ಎನ್ನುತ್ತಾರೆ. ಇದರ ಸದ್ದು ನಾಣ್ಯ ಕುಲುಕಿದ ಹಾಗೆ ಕೇಳುತ್ತದಂತೆ, ಮನೆಗೆ ಬಂದರೆ ಶುಭವಂತೆ. ಈ ಸೂಚನೆ ಹಿಡಿದು ನಾಣ್ಯಮಾನಕ್ಕೆ ಇಳಿಸಿದೆ. 2011ರ ಮಾದರಿಯ ಒಂದು ರೂಪಾಯಿ 3.79 ಗ್ರಾಂ. ನಮ್ಮ ಸುಂಡಿಲಿ ಸರಿಯಾಗಿ 14 ರೂಪಾಯಿ. ಆಗುಂಬೆಯಲ್ಲಿ ತಿರುವುಗಳೂ 14! ಕಾಕತಾಳೀಯ ಎನ್ನುವವರಿಗೆ ಪಿಎಚ್‌.ಡಿ. ಸಿಗುವುದಿಲ್ಲ.

ಒಂದು ವಿಧಾನದ ತೊಂದರೆಯನ್ನು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ. ಮರಿಗಳು ತಾಯಿಯ ಬಾಲದ ಬುಡ ಕಚ್ಚಿ, ಒಂದರ ಹಿಂದೆ ಒಂದು ರೈಲಿನ ಹಾಗೆ ಹೋಗುತ್ತವೆ. ಉದ್ದವಾದಿಗಳು ಇದನ್ನು ಇಂಜಿನ್ನಿನಿಂದ ಅಳೆಯಬೇಕೋ ಕೊನೆಯ ಬೋಗಿಯವರೆಗೋ?

ಇಲ್ಲಿಗೆ ನನ್ನ ಸಿದ್ಧಾಂತ. ತೂಕವೂ ಸುಳ್ಳು, ಉದ್ದವೂ ಸುಳ್ಳು. ಪ್ರಾಣಿಯ ಗಾತ್ರವೆಂದರೆ ಅದರ ನಾತ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ. ಸುಂಡಿಲಿಯ ಎರಡೂ ಪಕ್ಕೆಯಲ್ಲಿ ಕಸ್ತೂರಿ ಗ್ರಂಥಿಗಳುಂಟು. 53 ಗ್ರಾಮಿನ ಈ ಜೀವಿ ಡಬ್ಬದಲ್ಲಿ ಕಳೆದದ್ದು ಹತ್ತು ನಿಮಿಷ. ಬಚ್ಚಲು, ಅಡುಗೆಮನೆ, ಚಾವಡಿ ದಾಟಿ ಅಂಗಳದ ತುಳಸಿಕಟ್ಟೆಯವರೆಗೆ ಅದರ ಗಾತ್ರ ಹಬ್ಬಿತು. ಈ ಮಾನದಲ್ಲಿ ಆನೆ ಬಹಳ ಸಣ್ಣ ಪ್ರಾಣಿ. ಮನೆಯವಳು ಸಿದ್ಧಾಂತವನ್ನು ಪೂರ್ತಿ ಒಪ್ಪಿದ್ದಾಳೆ. ಸಂಶೋಧಕನನ್ನು ಮಾತ್ರ ಚಾವಡಿಯಲ್ಲಿ ಮಲಗಿಸಿದ್ದಾಳೆ.

ಸುಂಡಿಲಿಯನ್ನು ತೋಟದ ಕಟ್ಟಪುಣಿಯಲ್ಲಿ ಬಿಟ್ಟೆ. ಮರುರಾತ್ರಿ ಬಚ್ಚಲಿಗೆ ವಾಪಸು ಬಂದು ಜಿರಳೆ ಹಿಡಿಯುತ್ತಿತ್ತು. ಡಬ್ಬವನ್ನು ಬೂದಿ, ಲಿಂಬೆಹುಳಿ, ಸೀಗೆ ಹಾಕಿ ಏಳು ಸಲ ತೊಳೆದದ್ದಾಗಿದೆ. ಬೇಕಾದವರು ಪರ್ಕಳಕ್ಕೆ ಬಂದು ಕೊಂಡುಹೋಗಬಹುದು, ದುಡ್ಡು ಬೇಡ. ಮುಚ್ಚಳವೂ ಉಂಟು.