ಐದೂವರೆ ಗಂಟೆಯ ಮನಸ್ತಾಪ

ಗಡಿಯಾರ ಹೇಗೆ ಬೇಕಾದರೂ ಕೆಡಬಹುದು. ಆದರೆ ಕರಾರುವಾಕ್ಕಾಗಿ ಐದೂವರೆ ಗಂಟೆಯಷ್ಟೇ ಹಿಂದೆ ಬಿದ್ದರೆ ಅದು ಕೆಟ್ಟದ್ದಲ್ಲ, ಹಟ ಹಿಡಿದದ್ದು.

ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್, ಉಬುಂಟು ಎರಡೂ ಇವೆ. ರಾತ್ರಿ ಉಬುಂಟುವಿನಲ್ಲಿ ಕೆಲಸ ಮುಗಿಸಿ ಬೆಳಿಗ್ಗೆ ಹತ್ತೂವರೆಗೆ ವಿಂಡೋಸ್ ತೆರೆದರೆ ಅಲ್ಲಿ ಐದು ಗಂಟೆ. “ಏನ್ ಅಳಿಯಂದ್ರೇ, ನಿಮ್ಮ ಕಂಪ್ಯೂಟರಿಗೆ ಇನ್ನೂ ಬ್ರಾಹ್ಮೀ ಮುಹೂರ್ತವೋ?” ಎಂದರು ಮಾವ. ಆ ಮುಹೂರ್ತದಲ್ಲಿ ಹೋದ ಮೇಲ್‌ಗಳನ್ನು ಕಂಡು ಕಚೇರಿಯಲ್ಲಿ ನನ್ನ ಮೇಲೆ ಗೌರವ ಹೆಚ್ಚಿತು. ನಾನಾಗಿ ಅದನ್ನು ತಗ್ಗಿಸಲು ಹೋಗಲಿಲ್ಲ.

ಅಂಗಡಿಯ ಹುಡುಗ “ಸೆಲ್ ವೀಕು ಸಾರ್” ಎಂದು ಮದರ್‌ಬೋರ್ಡಿನ ಸಿಆರ್2032 ಬದಲಿಸಿದ. ಹೊಸ ಸೆಲ್ಲಿನ ಬಲದಲ್ಲಿ ಗಡಿಯಾರ ಇನ್ನಷ್ಟು ನಿಷ್ಠೆಯಿಂದ ಐದೂವರೆ ಗಂಟೆ ಹಿಂದೆಯೇ ನಡೆಯಿತು.

ಸಂಗತಿ ಇಷ್ಟೇ: ಯಂತ್ರದೊಳಗಿನ ಗಡಿಯಾರ ಒಂದೇ, ಓದುವವರು ಇಬ್ಬರು. ಉಬುಂಟು ಅದರಲ್ಲಿ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಬರೆದಿಟ್ಟು, ನಮಗೆ ತೋರಿಸುವಾಗ ಐದೂವರೆ ಕೂಡಿಸುತ್ತದೆ. ವಿಂಡೋಸ್‌ಗೆ ಇಷ್ಟು ವಿಶ್ವಮಾನವತೆಯಿಲ್ಲ. ಅಲ್ಲಿರುವುದೇ ನಮ್ಮೂರ ಸಮಯ ಎಂದು ನಂಬುತ್ತದೆ. ವಿಂಡೋಸ್ ಸರಿಪಡಿಸಿಟ್ಟರೋ, ಉಬುಂಟು ಅದಕ್ಕೂ ಐದೂವರೆ ಕೂಡಿಸಿ ಮಧ್ಯಾಹ್ನ ಒಂದಕ್ಕೇ ದೀಪ ಹಚ್ಚುವ ಹೊತ್ತು ಮಾಡುತ್ತದೆ. ಲಂಡನ್ನಿನವರು ಪುಣ್ಯವಂತರು. ಚಳಿಗಾಲದಲ್ಲಿ ಅವರಿಗೆ ಈ ಜಗಳ ಕಾಣುವುದೇ ಇಲ್ಲ, ಬೇಸಿಗೆಯಲ್ಲಿ ಒಂದೇ ಗಂಟೆಯದ್ದು. ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶವನ್ನು ನೆಚ್ಚಿದ ನಮಗೆ ವರ್ಷವಿಡೀ ಐದೂವರೆ.

ಒಂದು ಸಾಲಿನ ಆಜ್ಞೆ ಕೊಟ್ಟು ಉಬುಂಟುವನ್ನೇ ಊರ ಸಮಯಕ್ಕೆ ಒಗ್ಗಿಸಿದೆ. ಅದು ಒಪ್ಪಿತು, ಆದರೆ ಇದು ಸರಿಯಾದ ಪದ್ಧತಿಯಲ್ಲ ಎಂಬ ಎಚ್ಚರಿಕೆಯನ್ನು ಕೇಳಿದಾಗಲೆಲ್ಲ ತೋರಿಸುತ್ತದೆ.

ಇನ್ನು ಶಟ್‌ಡೌನ್. ಡಿ ಡ್ರೈವಿನ ಕಡತಗಳನ್ನು ಉಬುಂಟು ಓದಲು ಬಿಡುತ್ತಿತ್ತು, ಬರೆಯಲು ಬಿಡುತ್ತಿರಲಿಲ್ಲ. ವಿಂಡೋಸ್ ಇನ್ನೂ ಹೋಗಿಲ್ಲ ಎಂಬುದು ಅದರ ತಕರಾರು. ನಿಜವೇ. ನಮ್ಮ ಮನೆಗಳಲ್ಲಿ ಹೊರಟವರು “ಬರ್ತೀನಿ” ಎನ್ನುತ್ತಾರಲ್ಲ, 2012ರ ವಿಂಡೋಸ್ 8ರಿಂದ ಅದಕ್ಕೂ ಅದೇ ಶಿಷ್ಟಾಚಾರ. ಶಟ್‌ಡೌನ್ ಒತ್ತಿದರೆ ತನ್ನ ಕರ್ನೆಲ್ಲನ್ನು ಡಿಸ್ಕಿನಲ್ಲಿ ಹಾಗೇ ಮಲಗಿಸಿ ಹೋಗುತ್ತದೆ, ಮರುದಿನ ಬೇಗ ಏಳಲು. ಫಾಸ್ಟ್ ಸ್ಟಾರ್ಟಪ್ ಅಂತ ಹೆಸರು. ಪೂರ್ತಿ ಮುಚ್ಚಿಕೊಳ್ಳುವುದು ರೀಸ್ಟಾರ್ಟ್ ಒತ್ತಿದಾಗ!

ಇದನ್ನು ತೆಗೆದುಹಾಕೋಣವೆಂದು ಪವರ್ ಆಪ್ಷನ್ಸ್‌ಗೆ ಹೋದರೆ ಆ ಗುರುತು ಮಂಕಾಗಿತ್ತು, ಒತ್ತಿದರೂ ಕದಲದು. ಮೇಲೊಂದು ಸಾಲು: ‘ಸದ್ಯಕ್ಕೆ ಲಭ್ಯವಿಲ್ಲದ ಸೆಟ್ಟಿಂಗ್‌ಗಳನ್ನು ಬದಲಿಸಿ’. ಅದನ್ನು ಒತ್ತಿದೆ. ಎಲ್ಲವೂ ಲಭ್ಯವಾದವು.